ಕಿನ್ನರ ಕಥೆಗಳಿಗೆ ಬಣ್ಣ ಬಂದ ಕಾಲ

ಪುಟ ತಿರುವಿದರೆ ಮೊದಲು ಸಿಗುವುದು ಕೈ ಸೋಕಿದರೆ ಸರಬರ ಎನ್ನುವ ತೆಳು ಹಾಳೆ. ಅದನ್ನು ಮೆಲ್ಲಗೆ ಎತ್ತಬೇಕು. ಕೆಳಗೆ ಒರಟಾದ ದಪ್ಪ ಕಾಗದ; ಅದರ ನಡುವೆ, ಮೇಲಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸಿದ ನುಣುಪಾದ ಬಣ್ಣದ ಚಿತ್ರ. ಬೇರುಗಳೇ ಬೆರಳುಗಳಾದ ಮುದಿ ಮರ, ಅದರ ಸಂದಿಯಿಂದ ಇಣುಕುವ ಕುಳ್ಳರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಪುಸ್ತಕದಂಗಡಿಗಳಿಗೆ ಕ್ರಿಸ್‌ಮಸ್ ಹೊತ್ತಿಗೆ ಇಂಥ ಪುಸ್ತಕಗಳು ಬರುತ್ತಿದ್ದವು. ಕಿನ್ನರ ಕಥೆಗಳ ಚಿತ್ರಕಲೆಯ ಸುವರ್ಣಯುಗ ಎಂದು ಕರೆಸಿಕೊಳ್ಳುವ ಕಾಲದ ಶಿಖರ 1905ರಿಂದ 1914ರವರೆಗಿನ ಈ ಹತ್ತು ವರ್ಷ. ಒಳ್ಳೆಯ ಚಿತ್ರಕಾರರು ಹಿಂದೆಯೂ ಇದ್ದರು, ಮುಂದೆಯೂ ಬಂದರು. ಈ ಹತ್ತು ವರ್ಷಕ್ಕೆ ಮಾತ್ರ ಚಿನ್ನದ ಹೆಸರು ಬಂದದ್ದೇಕೆ? ಉತ್ತರದ ಅರ್ಧ ಭಾಗ ಕುಂಚದಲ್ಲಿದೆ, ಇನ್ನರ್ಧ ಅಚ್ಚುಕೂಟದಲ್ಲಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಅಚ್ಚು ಕೊರೆಯಬೇಕಿತ್ತು. ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ ಈ ಕೆಲಸದಲ್ಲಿ ನಿಸ್ಸೀಮ. ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ ಮೊದಲಾದವರ ಚಿತ್ರಗಳು ಮಕ್ಕಳ ಕೈ ಸೇರಿದ್ದು ಆತನಿಂದ. ಆದರೆ ಎಷ್ಟೇ ನುರಿತವನಾದರೂ ಚಿತ್ರಕಾರನಿಗೂ ಪುಟಕ್ಕೂ ನಡುವೆ ಕೊರೆಯುವವನ ಉಳಿ ನಿಂತೇ ಇರುತ್ತಿತ್ತು. ಜಲವರ್ಣದ ತೆಳುಛಾಯೆಯನ್ನು ಮರದಲ್ಲಿ ಕೊರೆಯುವುದು ಸುಲಭವಲ್ಲ.

1890ರ ದಶಕದಲ್ಲಿ ಬೆಳೆದ ತ್ರಿವರ್ಣ ಮುದ್ರಣ ಆ ಉಳಿಯನ್ನು ಪಕ್ಕಕ್ಕಿಟ್ಟಿತು. ಮೂಲಚಿತ್ರವನ್ನು ಮೂರು ಬಣ್ಣದ ಗಾಜುಗಳ ಮೂಲಕ ಮೂರು ಸಲ ಫೋಟೊ ತೆಗೆದು, ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಲೋಹದ ಫಲಕಗಳಿಗೆ ಇಳಿಸುತ್ತಿದ್ದರು. ಹಳದಿ, ಕೆಂಪು, ನೀಲಿ ಶಾಯಿಯಲ್ಲಿ ಒಂದರ ಮೇಲೊಂದು ಅಚ್ಚೊತ್ತಿದರೆ ಚಿತ್ರ ಮೂಡುತ್ತಿತ್ತು. ಈ ಪತ್ರಿಕೆಯಲ್ಲಿರುವ ಬಣ್ಣದ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿ, ಆ ಚುಕ್ಕೆಗಳ ವಂಶಸ್ಥರು ಕಾಣುತ್ತಾರೆ. ಮೂರೂ ಅಚ್ಚು ಒಂದೇ ಜಾಗದಲ್ಲಿ ಕೂರದಿದ್ದರೆ ಏನಾಗುತ್ತದೆ ಎಂಬುದು ಅಗ್ಗದ ಕ್ಯಾಲೆಂಡರ್ ಕಂಡವರಿಗೆಲ್ಲ ಗೊತ್ತು: ದೇವಿಯ ತುಟಿಯ ಕೆಂಪು ತುಟಿ ಬಿಟ್ಟು ಕೆನ್ನೆಗೆ ಜಾರಿರುತ್ತದೆ.

ಅಷ್ಟು ಸಣ್ಣ ಚುಕ್ಕೆಗಳು ಒರಟು ಕಾಗದದ ಮೇಲೆ ನಿಲ್ಲುವುದಿಲ್ಲ. ಲೇಪ ಹಚ್ಚಿದ ನುಣುಪು ಕಾಗದವೇ ಬೇಕು. ಅದಕ್ಕೇ ಚಿತ್ರಗಳನ್ನು ಬೇರೆಯಾಗಿ ಮುದ್ರಿಸಿ ಅಂಟಿಸಿದ್ದು. ಇಂದು ರಾಜವೈಭವದಂತೆ ಕಾಣುವ ಆ ವ್ಯವಸ್ಥೆಯ ಹಿಂದಿದ್ದದ್ದು ಯಂತ್ರದ ಅಸಹಾಯಕತೆ.

ಈ ಯಂತ್ರಕ್ಕೆ ಹೇಳಿ ಮಾಡಿಸಿದಂತೆ ಸಿಕ್ಕವರು ಆರ್ಥರ್ ರ‍್ಯಾಕಮ್. 1867ರಲ್ಲಿ ಹುಟ್ಟಿದ ಇವರು ಹಗಲು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ, ಸಂಜೆ ಕಲಾಶಾಲೆಯಲ್ಲಿ ವಿದ್ಯಾರ್ಥಿಯಾಗಿ ಮೇಲೆ ಬಂದವರು. ಮೊದಲು ಶಾಯಿಯ ಗೆರೆ, ಅದರ ಮೇಲೆ ಕಂದು, ಬೂದು, ಮಾಸಲು ಹಸಿರಿನ ತೆಳು ಲೇಪ. ಬಣ್ಣ ಕೊಂಚ ಅತ್ತಿತ್ತ ಸರಿದರೂ ಗೆರೆ ಚಿತ್ರವನ್ನು ಹಿಡಿದು ನಿಲ್ಲಿಸುತ್ತಿತ್ತು. ಗ್ರಿಮ್ ಸೋದರರ ಕಥೆಗಳಿಗೆ 1900ರಲ್ಲಿ ಅವರು ಬರೆದ ಚಿತ್ರಗಳು ಬಹುಪಾಲು ಕಪ್ಪು ಬಿಳುಪು. 1909ರಲ್ಲಿ ಅದೇ ಪುಸ್ತಕ 40 ಬಣ್ಣದ ಚಿತ್ರಗಳೊಡನೆ ಮತ್ತೆ ಬಂತು. ನಡುವಿನ ಒಂಬತ್ತು ವರ್ಷಗಳಲ್ಲಿ ಆದದ್ದೇನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1905ರ 'ರಿಪ್ ವ್ಯಾನ್ ವಿಂಕಲ್'ನಲ್ಲಿ 51 ಬಣ್ಣದ ಚಿತ್ರಗಳಿದ್ದವು. ಮೂಲಚಿತ್ರಗಳು ಲಂಡನ್ನಿನ ಲೀಸ್ಟರ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡವು.

ಫ್ರಾನ್ಸಿನಿಂದ ಬಂದ ಎಡ್ಮಂಡ್ ಡ್ಯುಲಾಕ್ ಗೆರೆಯ ಊರುಗೋಲನ್ನೂ ಬಿಟ್ಟರು. 1907ರ ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಅವರ ರಾತ್ರಿಯ ನೀಲಿಯನ್ನು ನೋಡಬೇಕು. ಬಣ್ಣವೇ ಅಲ್ಲಿ ಆಕಾರ.

ಇಷ್ಟಾದರೂ ಇವು ನಿಜಕ್ಕೂ ಮಕ್ಕಳ ಪುಸ್ತಕಗಳೇ ಎಂಬ ಅನುಮಾನ ಕಾಡುತ್ತದೆ. ಚರ್ಮದ ರಟ್ಟು, ಚಿತ್ರಕಾರರ ಸಹಿ ಇರುವ ಕೆಲವೇ ನೂರು ಪ್ರತಿಗಳು, ದುಬಾರಿ ಬೆಲೆ. ಕೆಲವು ಪುಸ್ತಕಗಳಲ್ಲಂತೂ ಚಿತ್ರಗಳನ್ನೆಲ್ಲ ಕಥೆ ಮುಗಿದ ಮೇಲೆ ಒಟ್ಟಿಗೆ ಜೋಡಿಸಿಟ್ಟಿದ್ದರು. ಕಥೆ ಕೇಳುವ ಮಗುವಿಗೆ ರಾಕ್ಷಸ ಬಂದಾಗಲೇ ರಾಕ್ಷಸ ಕಾಣಬೇಕಲ್ಲವೇ? ಇವು ದೊಡ್ಡವರು ದೊಡ್ಡವರಿಗೆ ಕೊಟ್ಟ ಉಡುಗೊರೆಗಳು. ಕೈ ತೊಳೆದುಕೊಂಡು ಬಂದ ಮಕ್ಕಳಿಗೆ ದೂರದಿಂದ ದರ್ಶನ.

ಉಡುಗೊರೆಯ ಮಾರುಕಟ್ಟೆಯನ್ನು ನೆಚ್ಚಿದ ಕಲೆ ಮಾರುಕಟ್ಟೆಯೊಡನೆಯೇ ಕುಸಿಯಿತು. 1914ರಲ್ಲಿ ಡೆನ್ಮಾರ್ಕಿನ ಕಾಯ್ ನೀಲ್ಸನ್ ನಾರ್ವೆಯ ಜನಪದ ಕಥೆಗಳಿಗೆ ಬರೆದ 25 ಬಣ್ಣದ ಚಿತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಎತ್ತರದ ಹಿಮ, ಕಡ್ಡಿಯಂತೆ ನೀಳವಾದ ರಾಜಕುಮಾರರು, ಬಿಳಿ ಕರಡಿಯ ಬೆನ್ನೇರಿದ ಹುಡುಗಿ. ಈ ಯುಗದ ಅತ್ಯಂತ ಸುಂದರ ಪುಸ್ತಕ ಇದೇ ಎಂಬುದು ಈ ಲೇಖಕನ ಪಕ್ಷಪಾತ. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಕಾಗದಕ್ಕೆ ಬರ ಬಂತು. ಯುದ್ಧ ಮುಗಿಯುವ ಹೊತ್ತಿಗೆ ರುಚಿಯೂ ಬದಲಾಗಿತ್ತು.

ಡ್ಯುಲಾಕ್ ಅಂಚೆಚೀಟಿ, ನೋಟುಗಳ ವಿನ್ಯಾಸಕ್ಕೆ ಹೊರಳಿದರು. 1939ರಲ್ಲಿ ತೀರಿಕೊಳ್ಳುವವರೆಗೂ ರ‍್ಯಾಕಮ್ ಚಿತ್ರ ಬರೆಯುತ್ತಲೇ ಇದ್ದರು. ಬದಲಾದ ಕಾಲ ಹೆಚ್ಚು ಹೊಡೆದದ್ದು ನೀಲ್ಸನ್‌ರನ್ನು. ಅಮೆರಿಕಕ್ಕೆ ಹೋದ ಅವರು ಡಿಸ್ನಿ ಸಂಸ್ಥೆಯಲ್ಲಿ ದುಡಿದರು. 1940ರ 'ಫ್ಯಾಂಟೇಸಿಯಾ' ಚಿತ್ರದ ಕೊನೆಯಲ್ಲಿ ಬೆಟ್ಟದ ಮೇಲೆ ರೆಕ್ಕೆ ಬಿಚ್ಚುವ ಭೂತದ ದೃಶ್ಯಕ್ಕೆ ಅವರ ಕಲ್ಪನೆಯೂ ಸೇರಿದೆ. ಆ ಕೆಲಸ ಉಳಿಯಲಿಲ್ಲ. ಲಾಸ್ ಏಂಜಲೀಸಿನ ಶಾಲೆಯ ಗೋಡೆಗೆ ಭಿತ್ತಿಚಿತ್ರ ಬರೆದರು, 1957ರಲ್ಲಿ ಬಡತನದಲ್ಲೇ ತೀರಿಕೊಂಡರು. ಸಾವಿರದೊಂದು ರಾತ್ರಿಗಳ ಕಥೆಗಳಿಗೆ ಅವರು ಬಹಳ ಹಿಂದೆಯೇ ಬರೆದಿಟ್ಟ ಚಿತ್ರಗಳಿಗೆ ಅವರ ಜೀವಮಾನದಲ್ಲಿ ಪ್ರಕಾಶಕರು ಸಿಗಲಿಲ್ಲ. ಅವು ಪುಸ್ತಕವಾಗಿ ಹೊರಬಂದದ್ದು 1977ರಲ್ಲಿ.