ರಕ್ತನಾಳಗಳ ಡಾಪ್ಲರ್ ಸ್ಕ್ಯಾನಿಂಗ್: ರೋಗಿಗಳ ಪೂರ್ವಸಿದ್ಧತೆ

ಕಾಲಿನ ಊತ, ವಾಸಿಯಾಗದ ಹುಣ್ಣು, ಪಾರ್ಶ್ವವಾಯು ಮುಂತಾದ ಸಂದರ್ಭಗಳಲ್ಲಿ ರಕ್ತನಾಳಗಳ ಸ್ಥಿತಿಯನ್ನು ತಿಳಿಯಲು ವೈದ್ಯರು ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಲು ಸೂಚಿಸುತ್ತಾರೆ. ಶಬ್ದತರಂಗಗಳ ಮೂಲಕ ರಕ್ತದ ಹರಿವನ್ನು ಗುರುತಿಸುವ ಈ ಪರೀಕ್ಷೆಯಲ್ಲಿ ಎಕ್ಸ್‌-ರೇ ವಿಕಿರಣದ ಬಳಕೆ ಇರುವುದಿಲ್ಲ.

ಸ್ಕ್ಯಾನಿಂಗ್ ಎಂದೊಡನೆ ಉಪವಾಸವಿರಬೇಕೆಂಬ ಭಾವನೆ ಹಲವರಲ್ಲಿದೆ. ಆದರೆ ಕೈ, ಕಾಲು ಅಥವಾ ಕುತ್ತಿಗೆಯ ರಕ್ತನಾಳಗಳ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸದ ಅಗತ್ಯವಿಲ್ಲ. ಹೊಟ್ಟೆಯ ಭಾಗದ ರಕ್ತನಾಳಗಳ ಪರೀಕ್ಷೆಯಲ್ಲಿ ಕರುಳಿನ ಅನಿಲವು ಚಿತ್ರಕ್ಕೆ ಅಡ್ಡಿಯಾಗುವುದರಿಂದ, ಸುಮಾರು 6ರಿಂದ 8 ಗಂಟೆಗಳ ಕಾಲ ಆಹಾರ ಸೇವಿಸದಿರಲು ಸೂಚಿಸಲಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಊಟ ಮಾಡಿ ಹೋದವರು ಒಂದು ದಿನದ ಕೂಲಿ ಕಳೆದುಕೊಂಡು ಹಿಂದಿರುಗಬೇಕಾಗಬಹುದು. ಇನ್ಸುಲಿನ್ ಪಡೆಯುವವರು ಅನಗತ್ಯವಾಗಿ ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಪರೀಕ್ಷೆಯ ದಿನಾಂಕ ಪಡೆಯುವಾಗಲೇ ಯಾವ ಭಾಗದ ಪರೀಕ್ಷೆ, ಉಪವಾಸ ಬೇಕೇ, ಮಧುಮೇಹದ ಔಷಧವನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ.

ರಕ್ತದೊತ್ತಡದ ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಹೇಳದ ಹೊರತು ನಿಲ್ಲಿಸಬಾರದು. ಸಡಿಲವಾದ ಉಡುಪು ಧರಿಸಬೇಕು. ಪರೀಕ್ಷೆಗೆ ಒಳಪಡುವ ಭಾಗದ ಸರ, ಕಾಲ್ಗೆಜ್ಜೆ ಮೊದಲಾದ ಆಭರಣಗಳನ್ನು ಮನೆಯಲ್ಲಿಯೇ ತೆಗೆದಿಡಬೇಕು. ವೈದ್ಯರ ಚೀಟಿ, ಹಿಂದಿನ ವರದಿಗಳು ಹಾಗೂ ಸೇವಿಸುತ್ತಿರುವ ಔಷಧಗಳ ವಿವರವನ್ನು ಜೊತೆಗೆ ಒಯ್ಯಬೇಕು.

ಒಂದೇ ಕಾಲು ಹಠಾತ್ತನೆ ಊದಿಕೊಂಡು ನೋವು ಕಾಣಿಸಿಕೊಂಡರೆ ನಿಗದಿತ ದಿನಾಂಕಕ್ಕಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಜೊತೆಗೆ ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು.

ಸದಸ್ಯರು ಈ ವಿಷಯಗಳನ್ನು ವಾರ್ಡ್ ಸಭೆ ಹಾಗೂ ಗ್ರಾಮಸಭೆಗಳಲ್ಲಿ ಆಶಾ ಕಾರ್ಯಕರ್ತೆಯರ ಸಹಕಾರದೊಂದಿಗೆ ಜನರಿಗೆ ತಿಳಿಸಿಕೊಡಬಹುದು.