ಜೋಳದ ಬೇರಿನ ಮಾತು ಕದ್ದು ಕೇಳುವ ಬಿಳಿ ಹೂವು

ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಜೋಳದ ಹೊಲವೊಂದರಲ್ಲಿ ಮೊನ್ನೆ ಕಂಡ ಗೇಣುದ್ದದ ಗಿಡ ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಒರಟು, ಸಪೂರ ಎಲೆ. ಸಾಸಿವೆ ಹೂವಿಗಿಂತ ತುಸು ದೊಡ್ಡದಾದ, ಎರಡು ತುಟಿಯ ಅಚ್ಚ ಬಿಳಿ ಹೂವು. ಅದರ ಕೊಳವೆ ನಡುವೆ ಥಟ್ಟನೆ ಬಾಗಿದೆ. ‘ಚೆಂದ ಐತಿ ಅಂತ ನೋಡಬ್ಯಾಡ್ರೀ, ಇದು ಬಂತು ಅಂದ್ರ ತೆನಿ ಕಟ್ಟಲ್ಲ’ ಎಂದರು ಹೊಲದ ಯಜಮಾನರು. ಅವರಿಗದು ಬಿಳಿ ಹೂವಿನ ಕಸ. ಸಸ್ಯಶಾಸ್ತ್ರದಲ್ಲಿ ಸ್ಟ್ರೈಗಾ.

ಹಿಮಾಲಯದ ಹೂಕಣಿವೆಗೆ ಹೋಗಿಬಂದವರು ಪೆಡಿಕ್ಯುಲಾರಿಸ್ ಹೂಗಳ ಫೋಟೊ ತೋರಿಸುತ್ತಾರೆ. ಹಸಿರೆಲೆ ಇದ್ದೂ ನೆರೆಯ ಹುಲ್ಲಿನ ಬೇರಿಗೆ ಬಾಯಿ ಹಾಕುವ ಆ ಗಿರಿಪುಷ್ಪ ಮತ್ತು ನಮ್ಮ ಹೊಲದ ಈ ಕಸ ಒಂದೇ ಕುಟುಂಬದವು: ಒರೊಬ್ಯಾಂಕೇಸಿ. ಅಷ್ಟು ದೂರ ಹೋಗದೆಯೇ ಅದರ ದಾಯಾದಿಯನ್ನು ಕಾಣಬಹುದೆಂಬುದೇ ನನಗೆ ದೊಡ್ಡ ಸಂತೋಷ.

ಬೇರು ಸಮೇತ ಬಿಡಿಸಲು ಹೋದರೆ ಅದು ಜೋಳದ ಬೇರಿಗೆ ಬೆಸೆದುಕೊಂಡಿತ್ತು. ಆ ಬೆಸುಗೆಯ ಅಂಗವೇ ಹಾಸ್ಟೋರಿಯಂ. ನೀರು, ಸಾರಜನಕ, ಸಕ್ಕರೆ ಎಲ್ಲವೂ ಅದರ ಮೂಲಕವೇ ಹರಿದುಹೋಗುತ್ತವೆ. ಬಿಸಿಲಿಗೆ ಜೋಳ ತನ್ನ ಪತ್ರರಂಧ್ರ ಮುಚ್ಚಿ ನೀರು ಉಳಿಸಿಕೊಂಡರೂ ಸ್ಟ್ರೈಗಾ ತನ್ನವನ್ನು ತೆರೆದೇ ಇಟ್ಟು ಎಳೆಯುತ್ತಿರುತ್ತದೆ. ಕಸ ಮಣ್ಣಿನ ಮೇಲೆ ತಲೆ ಎತ್ತುವ ಹೊತ್ತಿಗೆ ವಾರಗಟ್ಟಲೆ ನೆಲದೊಳಗೇ ಬೆಳೆದಿರುತ್ತದೆ. ಅರ್ಧ ಹಾನಿ ಅಷ್ಟರಲ್ಲೇ ಆಗಿಹೋಗಿರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಜ. ಒಂದು ಗಿಡಕ್ಕೆ ಹತ್ತಾರು ಸಾವಿರ ಬೀಜ, ಒಂದೊಂದೂ ಸುಮಾರು 0.3 ಮಿಲಿಮೀಟರ್. ಧೂಳಿನಂಥ ಈ ಬೀಜದಲ್ಲಿ ಬುತ್ತಿ ಇಲ್ಲ. ಮೊಳೆತ ಕೆಲವೇ ದಿನಗಳಲ್ಲಿ ಬೇರು ಸಿಗದಿದ್ದರೆ ಸಾವೇ ಗತಿ. ಆದ್ದರಿಂದ ಅದು ಹತ್ತು ವರ್ಷಕ್ಕೂ ಹೆಚ್ಚು ಕಾಯುತ್ತದೆ. ಜೋಳದಂಥ ಗಿಡದ ಬೇರು ಸ್ರವಿಸುವ ರಾಸಾಯನಿಕ ತಾಗಿದಾಗ ಮೊಳೆಯುತ್ತದೆ. ಆ ಬಗೆಯ ಮೊದಲ ರಾಸಾಯನಿಕವಾದ ಸ್ಟ್ರೈಗೋಲನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ಹತ್ತಿಯ ಮೇಲೆ ಸ್ಟ್ರೈಗಾ ಬದುಕುವುದೇ ಇಲ್ಲ! ಶತ್ರುವನ್ನು ಕರೆಯುವ ರಸವನ್ನು ಗಿಡ ಯಾಕೆ ಸುರಿಸಬೇಕು? ಉತ್ತರ ಸಿಕ್ಕಿದ್ದು 2005ರಲ್ಲಿ, ಜಪಾನಿನಲ್ಲಿ. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ, ಅದನ್ನು ತಂದುಕೊಡುವ ಮೈಕೊರೈಜಾ ಶಿಲೀಂಧ್ರವನ್ನು ಕರೆಯಲು ಗಿಡ ಕಳಿಸುವ ಸಂದೇಶವೇ ಆ ರಸ. ಸ್ಟ್ರೈಗಾ ಅದನ್ನು ಕದ್ದು ಕೇಳುತ್ತದೆ. ಮಣ್ಣು ಹಸಿದಷ್ಟೂ ಕರೆ ಜೋರು, ಕಸವೂ ಜೋರು. ಬಡ ನೆಲದಲ್ಲೇ ಇದರ ಕಾಟ ಯಾಕೆ ಹೆಚ್ಚೆಂದು ಇಷ್ಟು ಚೆನ್ನಾಗಿ ಹೇಳುವ ವಿವರಣೆಯನ್ನು ನಾನು ಬೇರೆ ಓದಿಲ್ಲ.

1956ರಲ್ಲಿ ಅಮೆರಿಕದ ಕ್ಯಾರೊಲಿನಾದ ಮೆಕ್ಕೆಜೋಳದಲ್ಲಿ ಇದು ಕಾಣಿಸಿಕೊಂಡಾಗ ಗುರುತು ಹಿಡಿದದ್ದು ಅಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿ. ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸಿ, ಬೆಳೆ ಇಲ್ಲದಾಗಲೇ ಬೀಜ ಮೊಳೆಯಿಸಿ ಸಾಯಿಸುವುದೂ ಅಲ್ಲಿನ ದಶಕಗಳ ನಿರ್ಮೂಲನೆಯಲ್ಲಿ ಸೇರಿತ್ತು. ಸ್ಟ್ರೈಗಾ ತಡೆಯುವ ಜೋಳದ ತಳಿಗಳಿಗಾಗಿ ಇಥಿಯೋಪಿಯಾ ಮೂಲದ ಗೆಬಿಸಾ ಎಜೆಟಾ ಅವರಿಗೆ 2009ರ ವಿಶ್ವ ಆಹಾರ ಪ್ರಶಸ್ತಿ ಬಂತು.

ನಮಗೆ ಅನಿಲದ ಯಂತ್ರ ಬೇಡ. ಹತ್ತಿ, ಶೇಂಗಾದಂಥ ಬೆಳೆಗಳು ಬೀಜವನ್ನು ಮೊಳೆಯಿಸುತ್ತವೆ, ಅನ್ನ ಕೊಡುವುದಿಲ್ಲ. ಗಿರಣಿಗಳ ಊರು ದಾವಣಗೆರೆಯ ಸುತ್ತ ಒಂದು ಕಾಲಕ್ಕೆ ಹತ್ತಿ, ಜೋಳದ ಸರದಿಯಿತ್ತು, ಅಕ್ಕಡಿ ಸಾಲುಗಳಿದ್ದವು. ವರ್ಷ ವರ್ಷ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಹಾಕುವುದು ಈ ಕಸಕ್ಕೆ ಔತಣ ಎಂದೇ ನನ್ನ ಅಭಿಪ್ರಾಯ. ಸರದಿ ಬದಲಿಸಿ, ಹೊಲಕ್ಕೆ ತಿಪ್ಪೆಗೊಬ್ಬರ ಕೊಡಿ. ಬಿಳಿ ಹೂವು ಕಂಡರೆ ಕಣ್ತುಂಬ ನೋಡಿ, ಕಾಯಿ ಬಲಿಯುವ ಮೊದಲೇ ಕಿತ್ತು ಸುಟ್ಟುಬಿಡಿ.