ತಾಯಿಯ ಮೊಟ್ಟೆ, ಮರಿಯ ಹೊಟ್ಟೆ

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1965ರಲ್ಲಿ ಪಟ್ಟೆ ಬಾಸ್ ಹೆಣ್ಣಿನ ಮೊಟ್ಟೆಗೆ ಬಿಳಿ ಬಾಸ್ ಗಂಡಿನ ವೀರ್ಯ ಬೆರೆಸಿ ಮಿಶ್ರತಳಿ ಮೀನೊಂದನ್ನು ಪಡೆದರು. ಅದು ಪಾಲ್ಮೆಟೊ ಬಾಸ್. ತಾಯಿ ತಂದೆಯರನ್ನು ಅದಲುಬದಲು ಮಾಡಿದರೆ ಹುಟ್ಟುವುದು ಸನ್‌ಶೈನ್ ಬಾಸ್. ಬೆಳೆದ ಮೇಲೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟ. ಆದರೆ ಮೊದಲ ವಾರದಲ್ಲಿ ಪಾಲ್ಮೆಟೊ ಮರಿ ತಿನ್ನುವುದನ್ನೇ ಸನ್‌ಶೈನ್ ಮರಿಗೂ ಹಾಕಿದರೆ ಬಹುಪಾಲು ಮರಿಗಳು ಹಸಿವಿನಿಂದ ಸಾಯುತ್ತವೆ.

ಆಗ ತಾನೇ ಹೊರಬಂದ ಮರಿಗೆ ಬಾಯಿಯೇ ತೆರೆದಿರುವುದಿಲ್ಲ. ಕರುಳೆಂದರೆ ಹಳದಿ ಚೀಲದ ಮೇಲೆ ಮಲಗಿದ ಒಂದು ನೇರ ಕೊಳವೆ, ಅಷ್ಟೆ. ತಾಯಿ ಕಟ್ಟಿಕೊಟ್ಟ ಬುತ್ತಿಯಾದ ಆ ಹಳದಿ ಮತ್ತು ಎಣ್ಣೆಯ ಹನಿ ಕರಗುವುದರೊಳಗೆ ಯಕೃತ್ತು, ಮೇದೋಜ್ಜೀರಕ ಗ್ರಂಥಿ ರೂಪುಗೊಳ್ಳಬೇಕು, ಬಾಯಿ ತೆರೆಯಬೇಕು. ನಾಲ್ಕೈದು ದಿನಗಳಲ್ಲಿ ಮರಿ ಬೇಟೆಗೆ ಇಳಿಯುತ್ತದೆ.

ಅಚ್ಚರಿಯ ಸಂಗತಿಯೆಂದರೆ, ಆಗಲೂ ಅದಕ್ಕೆ ಕೆಲಸ ಮಾಡುವ ಜಠರವಿಲ್ಲ. ಆಮ್ಲವಿಲ್ಲ, ಪೆಪ್ಸಿನ್ ಇಲ್ಲ. ಮೇದೋಜ್ಜೀರಕ ಗ್ರಂಥಿ ಸುರಿಸುವ ಟ್ರಿಪ್ಸಿನ್‌ನಂಥ ಕಿಣ್ವಗಳೇ ಪ್ರೋಟೀನನ್ನು ಕತ್ತರಿಸಬೇಕು. ಅರೆಬರೆ ಜೀರ್ಣವಾದ ಪ್ರೋಟೀನಿನ ತುಣುಕುಗಳನ್ನು ಹಿಂಗರುಳಿನ ಜೀವಕೋಶಗಳು ಇಡಿಯಾಗಿ ಒಳಗೆಳೆದುಕೊಂಡು, ತಮ್ಮೊಳಗೇ ಜೀರ್ಣಿಸುತ್ತವೆ. ಇಡೀ ಕಥೆಯಲ್ಲಿ ನನಗೆ ತುಂಬ ಸೊಗಸಾಗಿ ಕಾಣುವುದು ಇದೇ: ಅಂಗ ಇನ್ನೂ ಬಂದಿಲ್ಲ, ಅದರ ಕೆಲಸವನ್ನು ಜೀವಕೋಶಗಳೇ ಹಂಚಿಕೊಂಡಿವೆ. ಜಠರದ ಗ್ರಂಥಿಗಳು ಮೂಡುವುದು ಆಮೇಲೆ. ಒಣ ಮೇವು ಚೆನ್ನಾಗಿ ಅರಗುವುದೂ ಆಗಲೇ.

ಇಲ್ಲಿಯವರೆಗೆ ಎರಡೂ ಮರಿಗಳದ್ದು ಒಂದೇ ದಾರಿ. ವ್ಯತ್ಯಾಸವಿರುವುದು ಗಾತ್ರದಲ್ಲಿ. ಪಟ್ಟೆ ಬಾಸ್ ತಾಯಿಯ ಮೊಟ್ಟೆ ದೊಡ್ಡದು, ಬುತ್ತಿಯೂ ಹೆಚ್ಚು. ಹಾಗಾಗಿ ಪಾಲ್ಮೆಟೊ ಮರಿ ಸುಮಾರು ಅರ್ಧ ಮಿಲಿಮೀಟರ್ ಉದ್ದದ, ಆರ್ಟೀಮಿಯ ಎಂಬ ಸಿಗಡಿಯಂಥ ಜೀವಿಯ ಮರಿಯನ್ನು ಮೊದಲ ತುತ್ತಿಗೇ ನುಂಗಬಲ್ಲದು. ಬಿಳಿ ಬಾಸ್‌ನ ಪುಟ್ಟ ಮೊಟ್ಟೆಯಿಂದ ಬಂದ ಸನ್‌ಶೈನ್ ಮರಿಯ ಬಾಯಿಗೆ ಅದು ಹಿಡಿಸುವುದಿಲ್ಲ. ಅದಕ್ಕೆ ಇನ್ನೂ ಸಣ್ಣ ಜಲಜೀವಿಗಳಾದ ರೋಟಿಫರ್‌ಗಳು ಬೇಕು. ತಂದೆ ಎಷ್ಟೇ ದೊಡ್ಡ ಜಾತಿಯವನಾದರೂ ಈ ಹೊತ್ತಿನಲ್ಲಿ ಮರಿಗೆ ಅದರಿಂದ ಲಾಭವಿಲ್ಲ.

ಮಿಶ್ರತಳಿಯ ಮಾತು ಬಂದಾಗಲೆಲ್ಲ ಬೇಗ ಬೆಳೆಯುವ ಗುಣವನ್ನಷ್ಟೇ ಹೊಗಳುವುದು ನನಗೆ ಸರಿಕಾಣದು. ಆ ಗುಣ ಕೈಗೂಡಬೇಕಾದರೆ ಮರಿ ಮೊದಲು ಈ ವಾರಗಳನ್ನು ದಾಟಬೇಕು. ಇಷ್ಟಾದರೂ ಸಾಕಣೆದಾರರು ಹೆಚ್ಚಾಗಿ ಬೆಳೆಸುವುದು ಸನ್‌ಶೈನ್ ಬಾಸನ್ನೇ. ಬಲಿತ ಪಟ್ಟೆ ಬಾಸ್ ಹೆಣ್ಣುಗಳನ್ನು ಹೊಂದಿಸಿ ಮೊಟ್ಟೆ ಪಡೆಯುವುದಕ್ಕಿಂತ ಬಿಳಿ ಬಾಸ್ ಹೆಣ್ಣುಗಳಿಂದ ಪಡೆಯುವುದು ಸುಲಭ. ಆದರೆ ಆ ಮರಿಗಳಿಗೆ ಸಣ್ಣ ತುತ್ತೇ ಬೇಕು. ಆದ್ದರಿಂದ ಅವರು ಮರಿಗಳನ್ನು ಬಿಡುವ ಮೊದಲೇ ಕೊಳಕ್ಕೆ ಗೊಬ್ಬರ ಹಾಕಿ, ರೋಟಿಫರ್‌ಗಳು ತುಂಬಿಕೊಳ್ಳುವಂತೆ ನೋಡಿಕೊಳ್ಳುತ್ತಾರೆ.